‘ಸರ್ವರ್ ಡೌನ್’ ಎಂಬ ಅನಾಮತ್ತು ಖಾತೆ

ನಮ್ಮ ಕಾಲೇಜಿನಲ್ಲಿ ದಿನಕ್ಕೆ ಅತಿ ಹೆಚ್ಚು ಬಾರಿ ಕೇಳಿಬರುವ ಎರಡು ಇಂಗ್ಲಿಷ್ ಪದಗಳು ಯಾವುವು ಎಂದು ಯಾರಾದರೂ ಲೆಕ್ಕ ಹಾಕಿದರೆ, ‘ಗುಡ್ ಮಾರ್ನಿಂಗ್’ ಎರಡನೇ ಸ್ಥಾನಕ್ಕೆ ಹೋಗುತ್ತದೆ ಎಂಬುದು ನನ್ನ ಅನಿಸಿಕೆ. ಮೊದಲ ಸ್ಥಾನ ‘ಸರ್ವರ್ ಡೌನ್’ಗೆ. ಅರ್ಜಿ ಹಾಕಿದೆಯಾ? ಸರ್ವರ್ ಡೌನ್. ಫಲಿತಾಂಶ ಬಂತಾ? ಸರ್ವರ್ ಡೌನ್. ಜಾತಿ ಪ್ರಮಾಣಪತ್ರದ ಪ್ರಿಂಟ್ ತಂದೆಯಾ? ಅಯ್ಯೋ, ಸರ್ವರ್ ಡೌನ್ ಕಣೇ. ಕೇಳಿದವರು ತಲೆಯಾಡಿಸುತ್ತಾರೆ, ಹೇಳಿದವರು ನಿರಾಳವಾಗುತ್ತಾರೆ. ಮಳೆ ಬಂತು ಎಂದ ಹಾಗೆ. ಮಳೆಯನ್ನು ಯಾರು ಪ್ರಶ್ನಿಸುತ್ತಾರೆ?

ನಾವು ಕಾಮರ್ಸ್‌ನವರು ಮೊದಲ ವರ್ಷದ ಲೆಕ್ಕಶಾಸ್ತ್ರದಲ್ಲಿ ಅನಾಮತ್ತು ಖಾತೆಯ ಬಗ್ಗೆ ಓದುತ್ತೇವೆ. ತಾಳೆಪಟ್ಟಿಯ ಎರಡು ಕಡೆ ಹೊಂದದಿದ್ದಾಗ, ವ್ಯತ್ಯಾಸದ ಮೊತ್ತವನ್ನು ಸದ್ಯಕ್ಕೆ ಆ ಖಾತೆಗೆ ಹಾಕಿ ಮುಂದೆ ಹೋಗಬಹುದು. ಸದ್ಯಕ್ಕೆ ಮಾತ್ರ. ಆಮೇಲೆ ಎಲ್ಲಿ ತಪ್ಪಾಗಿದೆ ಎಂದು ಹುಡುಕಿ, ತಿದ್ದುಪಡಿ ನಮೂದು ಬರೆದು, ಆ ಖಾತೆಯನ್ನು ಸೊನ್ನೆ ಮಾಡಬೇಕು. ಹುಡುಕದೆ ಹಾಗೇ ಬಿಟ್ಟರೆ ಅದು ಲೆಕ್ಕವಲ್ಲ, ಸೋಮಾರಿತನ ಎಂದು ನಮ್ಮ ಲೆಕ್ಕಶಾಸ್ತ್ರದ ಮೇಡಂ ಹೇಳುತ್ತಾರೆ. ನನ್ನ ವಾದ ಇಷ್ಟೇ: ‘ಸರ್ವರ್ ಡೌನ್’ ಎಂಬುದು ನಮ್ಮೆಲ್ಲರ ಅನಾಮತ್ತು ಖಾತೆ. ಗೊತ್ತಿಲ್ಲದ್ದನ್ನೆಲ್ಲ ಅದಕ್ಕೆ ತುಂಬುತ್ತಿದ್ದೇವೆ, ಯಾರೂ ಅದನ್ನು ತೆರೆದು ನೋಡುತ್ತಿಲ್ಲ.

ಇದನ್ನು ಬೇರೆಯವರ ಮೇಲೆ ಬೆರಳು ಮಾಡಿ ಹೇಳುತ್ತಿಲ್ಲ. ಕಳೆದ ವರ್ಷ ಆ ಖಾತೆಗೆ ಅತಿ ದೊಡ್ಡ ಸುಳ್ಳು ನಮೂದು ಹಾಕಿದವಳು ನಾನೇ.

ನಮ್ಮ ಮನೆ ಇರುವುದು ವೀರನಹೊಸಹಳ್ಳಿಯಲ್ಲಿ, ನಾಗರಹೊಳೆ ಕಾಡಿಗೆ ಹೋಗುವ ಗೇಟಿನ ಊರು. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಬ್ಬಾ ಮೈಸೂರಿನಿಂದ ಒಂದು ಹಳೆಯ ಕಂಪ್ಯೂಟರ್ ತಂದರು. ಯಾವುದೋ ಆಫೀಸಿನಲ್ಲಿ ದುಡಿದು ನಿವೃತ್ತಿಯಾಗಿದ್ದ ಯಂತ್ರ. ಅದರಲ್ಲಿದ್ದ ವಿಂಡೋಸ್ 10 ಆನ್ ಆಗುವಷ್ಟರಲ್ಲಿ ಅಮ್ಮಿ ಚಹಾ ಮಾಡಿ, ಸೋಸಿ, ತಂದಿಟ್ಟಿರುತ್ತಿದ್ದರು. ಖಾಲಾ ಅವರ ಮಗ, ನಾನು ಭಾಯಿಜಾನ್ ಎನ್ನುವವರು, ರಜೆಗೆ ಬಂದಾಗ ಅದನ್ನು ತೆಗೆದು ಲಿನಕ್ಸ್ ಮಿಂಟ್ ಹಾಕಿಕೊಟ್ಟರು. ಲಿನಕ್ಸ್ ಎಂಬುದು ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ ಶುರು ಮಾಡಿದ ಕೆಲಸ. ದುಡ್ಡಿಲ್ಲ, ಕಳ್ಳ ಕಾಪಿಯೂ ಅಲ್ಲ. ನಮ್ಮ ಮುದಿ ಯಂತ್ರ ಅದರಲ್ಲಿ ಎದ್ದು ಕೂತಿತು.

“ಕಾಮರ್ಸ್ ಹುಡುಗಿಗೆ ಲಿನಕ್ಸ್ ಯಾಕೆ? ಟ್ಯಾಲಿ ಎಲ್ಲಿ ಕಲೀತೀಯಾ?” ಎಂದು ಕೇಳದವರಿಲ್ಲ. ನ್ಯಾಯವಾದ ಪ್ರಶ್ನೆ. ಟ್ಯಾಲಿಯನ್ನು ವಿಂಡೋಸ್‌ಗೆಂದೇ ಮಾಡಿದ್ದಾರೆ, ಅದನ್ನು ನಾನು ಕಾಲೇಜಿನ ಲ್ಯಾಬ್‌ನಲ್ಲಿ ಕಲಿಯುತ್ತೇನೆ. ಮನೆಯಲ್ಲಿ ಲಿಬ್ರೆ ಆಫೀಸ್‌ನ ಕ್ಯಾಲ್ಕ್‌ನಲ್ಲಿ ಅಬ್ಬಾರ ಅಂಗಡಿಯ ಸಾಲದ ಲೆಕ್ಕ ಬರೆಯುತ್ತೇನೆ. ಕನ್ನಡ ಟೈಪ್ ಆಗುತ್ತದೆ, ಉರ್ದು ನಸ್ತಾಲೀಖ್ ಅಕ್ಷರದಲ್ಲೂ ಬರುತ್ತದೆ. ಪರದೆಯ ಮೇಲೆ ತಮ್ಮ ಹೆಸರನ್ನು ಉರ್ದುವಿನಲ್ಲಿ ನೋಡಿದ ದಾದಿ ಅದರ ಫೋಟೊ ತೆಗೆಸಿಟ್ಟುಕೊಂಡಿದ್ದಾರೆ. (ದಾದಿ ಎಂದರೆ ಆಸ್ಪತ್ರೆಯ ದಾದಿಯಲ್ಲ, ನಮ್ಮ ಅಜ್ಜಿ. ಒಂಬತ್ತನೇ ತರಗತಿಯ ಪ್ರಬಂಧದಲ್ಲಿ ಈ ಗೊಂದಲದಿಂದ ನನಗೆ ಅಂಕ ಹೋಗಿದೆ.)

ಸಂಜೆ ಹೊತ್ತಲ್ಲಿ ಸೈಬರ್ ಸೆಂಟರ್‌ಗೆಂದು ಹುಣಸೂರಿಗೆ ಹೋಗಿಬರುವುದು ನಮ್ಮ ಮನೆಯಲ್ಲಿ ಆಗದ ಮಾತು. ಬಸ್ಸು ಸಿಗುವುದಿಲ್ಲ, ಸಿಕ್ಕರೂ ಕತ್ತಲಾಗುತ್ತದೆ, ಆನೆಯ ಭಯ ಬೇರೆ. ಹಾಗಾಗಿ ಈ ಕಂಪ್ಯೂಟರ್ ಬಂದ ಮೇಲೆ ಅದೇ ನನ್ನ ಸೈಬರ್ ಸೆಂಟರ್. ತರಗತಿಯಲ್ಲಿ ನನಗೆ ‘ಕಂಪ್ಯೂಟರ್ ಗೊತ್ತಿರೋಳು’ ಎಂಬ ಹೆಸರೂ ಬಂತು. ಆ ಹೆಸರೇ ಮುಂದಿನ ಎಡವಟ್ಟಿಗೆ ಕಾರಣ.

ಮೊದಲ ಪಿಯುಸಿಗೆ ಸೇರಿದ ಹೊಸದರಲ್ಲಿ ಒಂದು ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಮನೆಯ ಕಂಪ್ಯೂಟರಿನಲ್ಲಿ ಅದು ತೆರೆಯಲಿಲ್ಲ. ‘ಆ ಸರ್ವರ್ ಸಿಗುತ್ತಿಲ್ಲ’ ಎಂದು ಫೈರ್‌ಫಾಕ್ಸ್ ಹೇಳಿತು. ಮೊಬೈಲ್ ಡೇಟಾದಲ್ಲಿ ತೆರೆಯುತ್ತಿತ್ತು. ಒಂದು ವಿಡಿಯೊ ನೋಡಿದೆ. ಅದರಲ್ಲಿ ಹೇಳಿದಂತೆ ಆ ತಾಣದ ಸಂಖ್ಯೆಯನ್ನು (ಪ್ರತಿ ತಾಣಕ್ಕೂ ಫೋನ್ ನಂಬರಿನಂತೆ ಒಂದು ಐಪಿ ಸಂಖ್ಯೆ ಇರುತ್ತದೆ) ಫೋನಿನಲ್ಲಿ ಹುಡುಕಿ, ಕಂಪ್ಯೂಟರಿನ ‘ಹೋಸ್ಟ್ಸ್’ ಎಂಬ ಕಡತದಲ್ಲಿ ತಾಣದ ಹೆಸರಿನ ಜೊತೆ ಒಂದೇ ಸಾಲಾಗಿ ಬರೆದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ತಾಣ ತೆರೆಯಿತು! ಆ ರಾತ್ರಿ ನನಗಿಂತ ದೊಡ್ಡ ಇಂಜಿನಿಯರ್ ಮೈಸೂರು ಜಿಲ್ಲೆಯಲ್ಲಿ ಇರಲಿಲ್ಲ.

ನಾನು ಏನು ಮಾಡಿದ್ದೆ ಎಂದು ಈಗ ಅರ್ಥವಾಗುತ್ತದೆ. ಹೆಸರು ಹೇಳಿದರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್ಎಸ್ ಎನ್ನುತ್ತಾರೆ. ಅಂದು ನಮ್ಮ ಕೇಬಲ್‌ನವರ ಸಂಪರ್ಕದಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ, ಅಷ್ಟೆ. ಮರುದಿನ ತಾನಾಗಿಯೇ ಸರಿಹೋಗಿರಬೇಕು. ನಾನು ಕಾಯಲಿಲ್ಲ, ಹೋಸ್ಟ್ಸ್ ಕಡತದಲ್ಲಿ ಉತ್ತರ ಬರೆದಿಟ್ಟೆ. ಕಂಪ್ಯೂಟರ್ ಮೊದಲು ನೋಡುವುದು ಆ ಕಡತವನ್ನೇ. ಅಲ್ಲಿ ಉತ್ತರ ಸಿಕ್ಕರೆ ಹೊರಗೆ ಯಾರನ್ನೂ ಕೇಳುವುದಿಲ್ಲ. ಎಂದೂ ಕೇಳುವುದಿಲ್ಲ.

ಐದು ತಿಂಗಳಾಯಿತು. ಅದೇ ತಾಣದಲ್ಲಿ ಅರ್ಜಿ ಸಲ್ಲಿಸಲು ಕೊನೆಯ ದಿನಕ್ಕೆ ಹಿಂದಿನ ಸಂಜೆ. ಮಗ್ರಿಬ್ ಆದ ಮೇಲೆ ಕಂಪ್ಯೂಟರ್ ಮುಂದೆ ಕೂತೆ. ಪುಟ ತಿರುಗುತ್ತದೆ, ತಿರುಗುತ್ತದೆ, ಕೊನೆಗೆ ‘ಸಂಪರ್ಕದ ಸಮಯ ಮೀರಿತು’ ಎನ್ನುತ್ತದೆ. ಬೇರೆ ತಾಣಗಳೆಲ್ಲ ತೆರೆಯುತ್ತಿವೆ. ನನಗೆ ಆಗ ‘ಪಿಂಗ್’ ಆಜ್ಞೆ ಗೊತ್ತಿತ್ತು. ಅಮೆರಿಕದ ಮೈಕ್ ಮ್ಯೂಸ್ 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಮ್ ಅದು. ಆಚೆಗೆ ಒಂದು ಕೂಗು ಹಾಕುತ್ತದೆ, ಮರುದನಿ ಬಂತೇ, ಎಷ್ಟು ಹೊತ್ತಿಗೆ ಬಂತು ಎಂದು ಹೇಳುತ್ತದೆ. ಪಿಂಗ್ ಮಾಡಿದೆ. ಉತ್ತರವಿಲ್ಲ. ಸಾಕ್ಷಿ ಸಿಕ್ಕಿತಲ್ಲ! ತರಗತಿಯ ವಾಟ್ಸಾಪ್ ಗುಂಪಿಗೆ ದನಿ ಸಂದೇಶ ಹಾಕಿದೆ: “ಚೆಕ್ ಮಾಡಿದೆ, ಸರ್ವರ್ ಡೌನ್ ಆಗಿದೆ. ಇವತ್ತು ಯಾರೂ ಟೈಮ್ ವೇಸ್ಟ್ ಮಾಡ್ಕೋಬೇಡಿ. ಡೇಟ್ ಮುಂದಕ್ಕೆ ಹಾಕೇ ಹಾಕ್ತಾರೆ.”

ಈ ಮೂರು ವಾಕ್ಯಗಳಲ್ಲಿ ಒಂದೂ ನಿಜವಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಬೇರೆ ಸೆಕ್ಷನ್ನಿನ ಹುಡುಗಿಯೊಬ್ಬಳು “ನಾನು ನಿನ್ನೆ ರಾತ್ರಿ ಒಂಬತ್ತಕ್ಕೆ ಫೋನಲ್ಲೇ ಹಾಕ್ದೆ, ಆರಾಮಾಗಿ ಆಯ್ತಲ್ಲ” ಎಂದಳು. ಕೈಕಾಲು ತಣ್ಣಗಾದವು. ನನ್ನ ಮಾತು ನಂಬಿ ಮೂವರು ಸುಮ್ಮನಿದ್ದರು. ಇಬ್ಬರು ಅಂದೇ ಬಸ್ ನಿಲ್ದಾಣದ ಹತ್ತಿರದ ಸೈಬರ್ ಸೆಂಟರ್‌ಗೆ ಓಡಿ ಸಂಜೆಯೊಳಗೆ ಮುಗಿಸಿದರು. ಮೂರನೆಯವಳು ಅಂದು ಕಾಲೇಜಿಗೇ ಬಂದಿರಲಿಲ್ಲ. ಅವಳ ಅಮ್ಮ ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುವವರು. ಮಗಳ ಅರ್ಜಿಗಾಗಿ ಆ ದಿನದ ಕೂಲಿ ಬಿಟ್ಟು ಹುಣಸೂರಿಗೆ ಬರಬೇಕೆಂದಿದ್ದವರು, ಹೇಗೂ ಸೈಟ್ ಇಲ್ಲವಲ್ಲ ಎಂದು ಮಗಳನ್ನೂ ಜೊತೆಗೆ ಕರೆದುಕೊಂಡು ಕೆಲಸಕ್ಕೆ ಹೋದರು. ಮನೆಯ ಒಂದೇ ಫೋನು ಅವಳ ಅಣ್ಣನ ಕೈಯಲ್ಲಿತ್ತು. ನಾನು ಎಷ್ಟು ಬಾರಿ ಮಾಡಿದರೂ ಎತ್ತಲಿಲ್ಲ. ದಿನಾಂಕ ಮುಂದೂಡುತ್ತಾರೆ ಎಂದು ವಾರವಿಡೀ ಕಾದೆವು. ಮುಂದೂಡಲಿಲ್ಲ.

ಅವಳು ನನ್ನನ್ನು ಬೈಯಲಿಲ್ಲ. “ಬಿಡೇ, ಸರ್ವರ್ ಡೌನ್ ಇದ್ರೆ ನೀನೇನ್ ಮಾಡ್ತೀಯಾ” ಎಂದಳು. ಸರ್ವರ್ ಡೌನ್ ಇರಲಿಲ್ಲ ಎಂದು ಅವಳಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು.

ಕೊನೆಯ ದಿನದ ರಾತ್ರಿ ನನ್ನ ಅರ್ಜಿಯನ್ನು ಅಬ್ಬಾರ ಫೋನಿನಲ್ಲಿ ಸಲ್ಲಿಸಿ, ಇಶಾ ಆದ ಮೇಲೆ ಆ ಕಂಪ್ಯೂಟರಿನ ಮುಂದೆ ಮತ್ತೆ ಕೂತೆ. ಈ ಸಲ ಲೆಕ್ಕ ತಾಳೆ ನೋಡುವ ಹಾಗೆ, ಒಂದೊಂದೇ ಸಾಲು. ಮೊದಲು ಮನೆಯ ವೈಫೈ ಪೆಟ್ಟಿಗೆಗೆ, ಅದರ ಸಂಖ್ಯೆ 192.168.1.1, ಪಿಂಗ್ ಮಾಡಿದೆ. ಉತ್ತರ ಬಂತು. ಅಂದರೆ ಕಂಪ್ಯೂಟರಿನಿಂದ ಗೋಡೆಯವರೆಗೆ ದಾರಿ ಸರಿ. ಆಮೇಲೆ 8.8.8.8. ಇದು ಗೂಗಲ್‌ನವರು 2009ರಿಂದ ಎಲ್ಲರಿಗೂ ತೆರೆದಿಟ್ಟಿರುವ ಡಿಎನ್ಎಸ್‌ನ ಸಂಖ್ಯೆ. ಅಲ್ಲಿಂದಲೂ ಉತ್ತರ. ಊರಿನಿಂದ ಹೊರಜಗತ್ತಿಗೆ ದಾರಿ ಇದೆ. ನಂತರ ಫೋನಿನ ಮೊಬೈಲ್ ಡೇಟಾ ಆರಿಸಿ, ಅದೇ ಮನೆಯ ವೈಫೈಗೆ ಸೇರಿಸಿ ಆ ತಾಣ ತೆರೆದೆ. ಥಟ್ಟನೆ ತೆರೆಯಿತು.

ಇಡೀ ಹುಡುಕಾಟದಲ್ಲಿ ಮುಖ್ಯವಾದ ಗಳಿಗೆ ಅದು. ಅದೇ ವೈಫೈ, ಅದೇ ಕೇಬಲ್, ಅದೇ ತಾಣ. ಫೋನಿಗೆ ಸಿಗುವುದು ಕಂಪ್ಯೂಟರಿಗೆ ಸಿಗದಿದ್ದರೆ ತಪ್ಪು ಸರ್ವರಿನದ್ದಲ್ಲ, ಕೇಬಲ್‌ನವರದ್ದಲ್ಲ. ತಪ್ಪು ನನ್ನ ಮೇಜಿನ ಮೇಲೆ ಇದೆ. ಎರಡೇ ನಿಮಿಷದ ಪರೀಕ್ಷೆ. ಹಿಂದಿನ ಸಂಜೆ ಮಾಡಿದ್ದರೆ ಸಾಕಿತ್ತು.

ಬ್ರೌಸರ್ ಬದಲಿಸಿ ನೋಡಿದೆ, ಅದರಲ್ಲೂ ಇಲ್ಲ. ಹಾಗಾದರೆ ಫೈರ್‌ಫಾಕ್ಸ್ ತಪ್ಪಲ್ಲ. ಈ ತಾಣದ ಸಂಖ್ಯೆ ಎಷ್ಟು ಎಂದು ನನ್ನ ಕಂಪ್ಯೂಟರನ್ನು ಕೇಳಿದೆ. ಆಮೇಲೆ ‘ಎನ್ಎಸ್ ಲುಕಪ್’ ಎಂಬ ಆಜ್ಞೆಯಿಂದ ಅದೇ ಪ್ರಶ್ನೆಯನ್ನು ನೇರವಾಗಿ 8.8.8.8ಗೆ ಕೇಳಿದೆ. ಎರಡು ಉತ್ತರ, ಎರಡು ಬೇರೆ ಸಂಖ್ಯೆ. ತಾಳೆಯಾಗಲಿಲ್ಲ. ಆಗ ಐದು ತಿಂಗಳ ಹಿಂದಿನ ಇಂಜಿನಿಯರ್ ನೆನಪಾದಳು. ತಾಣದವರು ನಡುವೆ ಯಾವಾಗಲೋ ಹೊಸ ಸರ್ವರಿಗೆ ಮನೆ ಬದಲಿಸಿದ್ದರು. ಜಗತ್ತಿಗೆಲ್ಲ ಡಿಎನ್ಎಸ್ ಮೂಲಕ ಹೊಸ ವಿಳಾಸ ತಿಳಿದಿತ್ತು. ನನ್ನ ಕಂಪ್ಯೂಟರ್ ಮಾತ್ರ ನಾನು ಬರೆದಿಟ್ಟ ಹಳೆಯ ವಿಳಾಸಕ್ಕೆ ಹೋಗಿ ಖಾಲಿ ಮನೆಯ ಬಾಗಿಲು ತಟ್ಟುತ್ತಾ ನಿಂತಿತ್ತು. ಹೋಸ್ಟ್ಸ್ ಕಡತ ತೆರೆದು ಆ ಒಂದು ಸಾಲು ಅಳಿಸಿದೆ. ತಾಣ ಬಂತು. ‘ಅರ್ಜಿ ಸಲ್ಲಿಕೆಯ ಅವಧಿ ಮುಗಿದಿದೆ’ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು.

ಈ ಹೋಸ್ಟ್ಸ್ ಕಡತದ ಹಿಂದೊಂದು ಕಥೆ ಇದೆ. ಇಂಟರ್ನೆಟ್ಟಿನ ಹಿರಿಯಜ್ಜನಾದ ಆರ್ಪಾನೆಟ್ ಕಾಲದಲ್ಲಿ ಡಿಎನ್ಎಸ್ ಇರಲಿಲ್ಲ. ಎಲ್ಲ ಕಂಪ್ಯೂಟರುಗಳ ಹೆಸರು, ಸಂಖ್ಯೆ ಇದ್ದದ್ದು ಒಂದೇ ಪಟ್ಟಿಯಲ್ಲಿ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೀನ್ಲರ್ ಎಂಬ ಮಹಿಳೆಯ ತಂಡ ಅದನ್ನು ಕಾಯುತ್ತಿತ್ತು. ಉಳಿದವರು ಅದರ ಪ್ರತಿ ತೆಗೆದುಕೊಂಡು ಬಳಸುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಿದಂತೆ ಒಂದು ಪಟ್ಟಿಯಲ್ಲಿ ನಿಭಾಯಿಸುವುದು ಆಗದೆ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ರೂಪಿಸಿದರು. ಹಳೆಯ ಪಟ್ಟಿಯ ತುಣುಕೊಂದು ಹೋಸ್ಟ್ಸ್ ಎಂಬ ಹೆಸರಿನಲ್ಲಿ ಇಂದಿಗೂ ಪ್ರತಿ ಕಂಪ್ಯೂಟರಿನಲ್ಲೂ ಉಳಿದಿದೆ. ವಿಂಡೋಸಿನಲ್ಲೂ ಇದೆ. ಫೀನ್ಲರ್ ಅವರ ತಂಡ ಪಟ್ಟಿಯನ್ನು ಆಗಾಗ ತಿದ್ದುತ್ತಿತ್ತು. ನಾನು ಬರೆದು ಮರೆತೆ.

ಇನ್ನು ನನ್ನ ‘ಸಾಕ್ಷಿ’ಯ ವಿಷಯ. ಪಿಂಗ್‌ಗೆ ಉತ್ತರ ಬರಲಿಲ್ಲ ಎಂದೆನಲ್ಲ, ಅದನ್ನು ಅಳಿಸಿದ ಮೇಲೆಯೂ, ತಾಣ ಚೆನ್ನಾಗಿ ತೆರೆಯುತ್ತಿದ್ದಾಗಲೂ, ಪಿಂಗ್ ಮಾಡಿದರೆ ಉತ್ತರವಿಲ್ಲ! ಅನೇಕ ದೊಡ್ಡ ತಾಣಗಳವರು ಭದ್ರತೆಗೆಂದು ಪಿಂಗ್‌ನ ಕೂಗಿಗೆ ಓಗೊಡದಂತೆ ಮಾಡಿರುತ್ತಾರೆ. ಪುಟ ಕೇಳಿದರೆ ಕೊಡುತ್ತಾರೆ, ಸುಮ್ಮನೆ ಕೂಗಿದರೆ ಮಾತಾಡುವುದಿಲ್ಲ. ಅರ್ಧ ಗೊತ್ತಿರುವವರ ಕೈಯ ಸಾಕ್ಷಿ ಏನೂ ಗೊತ್ತಿಲ್ಲದವರ ಊಹೆಗಿಂತ ಅಪಾಯ. ‘ಇರಬಹುದು’ ಎಂದಿದ್ದರೆ ಗೆಳತಿಯರು ತಾವೂ ಒಮ್ಮೆ ನೋಡುತ್ತಿದ್ದರು. ನಾನು ‘ಚೆಕ್ ಮಾಡಿದೆ’ ಎಂದೆ.

ಕಂಪ್ಯೂಟರ್ ನಮ್ಮ ಜೊತೆ ಒಂದೇ ಮಾತು ಆಡುವುದಿಲ್ಲ, ನಾವು ಒಂದೇ ಮಾತಾಗಿ ಕೇಳಿಸಿಕೊಳ್ಳುತ್ತೇವೆ. ‘ಸರ್ವರ್ ಸಿಗುತ್ತಿಲ್ಲ’ ಎಂದರೆ ಹೆಸರಿಗೆ ಸಂಖ್ಯೆ ದೊರೆಯಲಿಲ್ಲ. ಒಂದೋ ಅಕ್ಷರ ತಪ್ಪು, ಇಲ್ಲವೇ ಡಿಎನ್ಎಸ್ ತೊಂದರೆ. ‘ಸಮಯ ಮೀರಿತು’ ಎಂದರೆ ಸಂಖ್ಯೆ ಸಿಕ್ಕಿದೆ, ಹೋಗಿದ್ದೇವೆ, ಅತ್ತಲಿಂದ ಸದ್ದಿಲ್ಲ. ‘ಸಂಪರ್ಕ ನಿರಾಕರಿಸಲಾಗಿದೆ’ ಎಂದರೆ ಗೇಟಿನವರೆಗೆ ಹೋದೆವು, ಗೇಟು ಹಾಕಿದೆ. ನಮ್ಮೂರಿನ ಕಾಡಿನ ಗೇಟು ಸಂಜೆ ಆರರ ಮೇಲೆ ವಾಹನ ಬಿಡುವುದಿಲ್ಲವಲ್ಲ, ಹಾಗೆ. ರಸ್ತೆ ಕೆಟ್ಟಿಲ್ಲ, ಊರೂ ಇದೆ, ಒಳಗೆ ಮಾತ್ರ ಬಿಡುತ್ತಿಲ್ಲ. 404 ಎಂದರೆ ಸರ್ವರ್ ಗಟ್ಟಿಮುಟ್ಟಾಗಿದೆ, ನಾವು ಕೇಳಿದ ಪುಟ ಅಲ್ಲಿಲ್ಲ. ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಎಲ್ಲ ತಾಣಗಳಲ್ಲೂ ಬಂದರೆ ಮೂಲೆಯಲ್ಲಿರುವ ತಾರೀಖು ನೋಡಿ. ನಮ್ಮ ಪಕ್ಕದ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಒಳಗಿನ ಗುಂಡು ಸೆಲ್ ಸತ್ತು, ಕರೆಂಟ್ ಹೋದಾಗಲೆಲ್ಲ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ತಾಣಗಳ ಪ್ರಮಾಣಪತ್ರಕ್ಕೆ ಶುರುವಾಗುವ ಮತ್ತು ಮುಗಿಯುವ ದಿನಾಂಕ ಇರುತ್ತದೆ. ಇನ್ನೂ ಹುಟ್ಟದ ಪ್ರಮಾಣಪತ್ರವನ್ನು ಕಂಪ್ಯೂಟರ್ ಹೇಗೆ ನಂಬೀತು? ಸೆಲ್ ಬದಲಿಸಿದರು, ಮುಗಿಯಿತು. ಅಲ್ಲಿಯೂ ಎರಡು ತಿಂಗಳು ‘ಸರ್ವರ್ ಡೌನ್’ ಆಗಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹಾಗಾದರೆ ಸರ್ವರ್ ಡೌನ್ ಆಗುವುದೇ ಇಲ್ಲವೇ? ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. 503 ಎಂಬ ಸಂಖ್ಯೆ ಬಂದರೆ ‘ಸದ್ಯಕ್ಕೆ ನನ್ನ ಕೈಲಾಗುವುದಿಲ್ಲ’ ಎಂದು ಸರ್ವರೇ ಒಪ್ಪಿಕೊಳ್ಳುತ್ತಿದೆ. ಕೊನೆಯ ದಿನ ಎಲ್ಲರೂ ಒಟ್ಟಿಗೆ ಮುಗಿಬಿದ್ದಾಗ ಇದು ಸಾಮಾನ್ಯ. ಅದಕ್ಕಾಗಿಯೇ ನಾನು ವಾದಿಸುತ್ತಿರುವುದು. ನಿಜವಾಗಿ ಅವರ ತಪ್ಪಾದಾಗ ಅದನ್ನು ಗಟ್ಟಿಯಾಗಿ ಹೇಳಬೇಕಾದರೆ, ನಮ್ಮ ತಪ್ಪಿಗೆಲ್ಲ ಅದೇ ಮಾತು ಬಳಸಿ ಸವೆಸಿರಬಾರದು. ‘ಇಂಥ ದಿನ ಇಷ್ಟು ಗಂಟೆಗೆ, ಎರಡು ಬೇರೆ ಸಂಪರ್ಕದಲ್ಲಿ, ಎರಡು ಯಂತ್ರದಲ್ಲಿ ನೋಡಿದೆವು, ಈ ಸಂದೇಶ ಬಂತು, ಇಗೋ ಸ್ಕ್ರೀನ್‌ಶಾಟ್’ ಎಂದು ಬರೆದ ಅರ್ಜಿಗೂ ‘ಸರ್ವರ್ ಡೌನ್ ಇತ್ತು ಸಾರ್’ ಎಂಬ ಅಳಲಿಗೂ ಅಜಗಜಾಂತರ. ಮೊದಲನೆಯದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಎರಡನೆಯದನ್ನು ‘ನಾಳೆ ಬಾ’ ಎಂದು ಕಳಿಸಬಹುದು. ಕೌಂಟರಿನ ಆಚೆ ಕೂತವರಿಗೂ ಈ ಅನಾಮತ್ತು ಖಾತೆ ಎಷ್ಟು ಅನುಕೂಲ ಎಂಬುದನ್ನು ಮರೆಯಬೇಡಿ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಆ ಎರಡು ಪದ ಹೇಳಲು ಎರಡು ಸೆಕೆಂಡ್ ಸಾಕು.

ನಮ್ಮ ಪ್ರಾಂಶುಪಾಲರಲ್ಲಿ ಮತ್ತು ಲ್ಯಾಬ್ ನೋಡಿಕೊಳ್ಳುವ ಸರ್ ಅವರಲ್ಲಿ ಒಂದು ಮನವಿ. ಅರ್ಜಿಗಳ ಕಾಲದಲ್ಲಿ, ಕೊನೆಯ ವಾರದಲ್ಲಾದರೂ, ಲ್ಯಾಬ್‌ನ ಎರಡು ಕಂಪ್ಯೂಟರ್ ಮಧ್ಯಾಹ್ನದ ಬಿಡುವಿನಲ್ಲಿ ವಿದ್ಯಾರ್ಥಿಗಳಿಗೆ ತೆರೆದಿರಲಿ. ಅದರ ಪಕ್ಕದ ಗೋಡೆಗೆ ಕನ್ನಡದಲ್ಲೂ ಉರ್ದುವಿನಲ್ಲೂ ನಾಲ್ಕು ಪ್ರಶ್ನೆ ಅಂಟಿಸೋಣ, ಬರೆದುಕೊಡಲು ನಾನು ತಯಾರು: ಬೇರೆ ತಾಣ ತೆರೆಯುತ್ತದೆಯೇ? ಇದೇ ತಾಣ ಇದೇ ವೈಫೈನಲ್ಲಿ ಬೇರೆ ಫೋನಿನಲ್ಲಿ ತೆರೆಯುತ್ತದೆಯೇ? ಮೊಬೈಲ್ ಡೇಟಾದಲ್ಲಿ? ಪರದೆಯ ಮೇಲೆ ನಿಖರವಾಗಿ ಏನೆಂದು ಬರೆದಿದೆ? ಇದಕ್ಕೆ ಕಂಪ್ಯೂಟರ್ ವಿಜ್ಞಾನ ಬೇಕಿಲ್ಲ. ಕಲಾ ವಿಭಾಗದವರಿಗೂ ಬರುತ್ತದೆ. (ಬೇಜಾರಾಗಬೇಡಿ, ಕಾಮರ್ಸ್‌ನವರಿಗೇ ಬಂದಿದೆ ಎಂಬ ಅರ್ಥದಲ್ಲಿ ಹೇಳಿದೆ.)

ಲಿನಕ್ಸ್ ಬಗ್ಗೆಯೂ ಒಂದು ಮಾತು. ನಡೆದದ್ದನ್ನು ಕೇಳಿದ ಕೆಲವರು “ಅದಕ್ಕೇ ಹೇಳಿದ್ದು, ಲಿನಕ್ಸ್ ಹಾಕಿಸ್ಕೋಬೇಡ ಅಂತ” ಎಂದರು. ಲಿನಕ್ಸ್ ತಪ್ಪು ಮಾಡಲಿಲ್ಲ, ನಾನು ಹೇಳಿದ್ದನ್ನು ಐದು ತಿಂಗಳು ಚಾಚೂ ತಪ್ಪದೆ ಮಾಡಿತು. ತಪ್ಪನ್ನು ಹುಡುಕುವ ಸಲಕರಣೆಯೂ ಅದರೊಳಗೇ ಇತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ನಮ್ಮದರಂಥ ಹಳೆಯ ಯಂತ್ರಗಳನ್ನು ವಿಂಡೋಸ್ 11 ಸೇರಿಸಿಕೊಳ್ಳುವುದಿಲ್ಲ. ನಿಮ್ಮಲ್ಲಿ ಹಲವರ ಮನೆಯ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟಿರುವುದು ನನಗೆ ಗೊತ್ತು. ಗುಜರಿಗೆ ಹಾಕುವ ಮೊದಲು ಒಮ್ಮೆ ಯೋಚಿಸಿ. ಪೆನ್ ಡ್ರೈವ್ ನನ್ನ ಬಳಿ ಇದೆ.

ಈ ವರ್ಷ ಅದೇ ವಿದ್ಯಾರ್ಥಿವೇತನದ ಅರ್ಜಿ ಶುರುವಾದ ಮೊದಲ ಭಾನುವಾರವೇ ಆ ಗೆಳತಿಯನ್ನು ಮನೆಗೆ ಕರೆದೆ. ಅವಳ ಅಮ್ಮನೂ ಬಂದಿದ್ದರು. ನಮ್ಮ ಅಮ್ಮಿ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದರು, ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಹೊಗೆಸೊಪ್ಪಿನ ರೇಟಿನ ಮಾತು ನಡೆಯಿತು. ಗೆಳತಿ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂತಳು. ತಾಣದ ಹೆಸರು ಟೈಪ್ ಮಾಡುವ ಮೊದಲು ನನ್ನ ಕಡೆ ತಿರುಗಿ ಕೇಳಿದಳು: “ಹೋಸ್ಟ್ಸ್ ಫೈಲ್ ಖಾಲಿ ಇದೆ ತಾನೇ? ಒಂದ್ಸಲ ತೋರ್ಸು, ನಾನೂ ನೋಡ್ತೀನಿ.”

ತೋರಿಸಿದೆ.